ಸುಗಮ್ಯ ಜಾಲತಾಣ: ಪ್ರಮಾಣ ಕೊಟ್ಟವರು ಯಾರು ಎಂಬುದನ್ನು ದಾಖಲಿಸುವ ಕ್ರಮ



ಹಲವು ಸರ್ಕಾರಿ ಇಲಾಖೆ, ಬ್ಯಾಂಕು, ಪ್ರಕಾಶನ ಸಂಸ್ಥೆಗಳ ಜಾಲತಾಣಗಳಲ್ಲಿ ಪುಟದ ಅಡಿಯಲ್ಲಿ ಒಂದು ಸಾಲು ಇರುತ್ತದೆ: "ಈ ತಾಣವು ಸುಗಮ್ಯತೆಯ ಮಾನದಂಡಗಳಿಗೆ ಅನುಗುಣವಾಗಿದೆ." ಪಕ್ಕದಲ್ಲಿ ಒಂದು ಚಿಕ್ಕ ಲಾಂಛನವೂ ಇರಬಹುದು. ಹೀಗೆಂದು ಹೇಳಿದವರು ಯಾರು, ಯಾವಾಗ ಹೇಳಿದರು, ಏನನ್ನು ನೋಡಿ ಹೇಳಿದರು ಎಂದು ಹುಡುಕಿದರೆ ಬಹಳ ಕಡೆ ಉತ್ತರ ಸಿಗುವುದಿಲ್ಲ. ಸಹಿ, ತಾರೀಖು, ಹುದ್ದೆ ಯಾವುದೂ ಇಲ್ಲದ ಪ್ರಮಾಣಪತ್ರವನ್ನು ಯಾವ ಕಚೇರಿಯ ಟಪಾಲು ವಿಭಾಗವೂ ಒಳಗೆ ಬಿಡುವುದಿಲ್ಲ. ಜಾಲತಾಣದ ವಿಷಯದಲ್ಲಿ ಮಾತ್ರ ನಾವೆಲ್ಲ ಅದನ್ನು ಒಪ್ಪಿಕೊಂಡು ಸುಮ್ಮನಿದ್ದೇವೆ.

ಇದು ಬರೀ ಕಾಗದಪತ್ರದ ಶಿಸ್ತಿನ ಮಾತಲ್ಲ. ತಾಳವಾಡಿಯಲ್ಲೋ ಜತ್ತದಲ್ಲೋ ಇರುವ, ಕಣ್ಣು ಕಾಣದ ಒಬ್ಬ ಸದಸ್ಯರು ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕುಳಿತಿದ್ದಾರೆ ಎನ್ನೋಣ. ಅರ್ಜಿಯ ಮೂರನೇ ಪುಟದಲ್ಲಿ ಅವರ ಫೋನು ಓದುವುದನ್ನೇ ನಿಲ್ಲಿಸಿಬಿಡುತ್ತದೆ. ಪುಟದ ಅಡಿಯಲ್ಲಿ ಮಾತ್ರ "ಎಲ್ಲರಿಗೂ ಸುಗಮ್ಯ" ಎಂದೇ ಬರೆದಿದೆ. ಅವರು ಯಾರನ್ನು ಕೇಳಬೇಕು? ಪ್ರಮಾಣ ಕೊಟ್ಟವರ ಹೆಸರಿದ್ದರೆ ಕೇಳಲು ಒಬ್ಬರು ಇರುತ್ತಾರೆ. ಹೆಸರಿಲ್ಲದಿದ್ದರೆ ಅರ್ಜಿಯ ಕೊನೆಯ ದಿನ ಕಳೆದುಹೋಗುತ್ತದೆ, ಅಷ್ಟೆ. ನಮ್ಮ ಶಾಖೆಗಳೂ ಈಗ ಸದಸ್ಯತ್ವದ ಅರ್ಜಿ, ಕಾರ್ಯಕ್ರಮಗಳ ನೋಂದಣಿ, ಸ್ಮರಣ ಸಂಚಿಕೆ ಎಲ್ಲವನ್ನೂ ಜಾಲಕ್ಕೆ ಏರಿಸುತ್ತಿರುವುದರಿಂದ ಈ ಮಾಹಿತಿಯನ್ನು ಒಂದೆಡೆ ಕೊಡಲಾಗಿದೆ.

ಸುಗಮ್ಯತೆ ಎಂದರೆ

ಕಣ್ಣು ಕಾಣದವರು, ಕಿವಿ ಕೇಳದವರು, ಕೈ ಸ್ವಾಧೀನವಿಲ್ಲದವರು, ಓದಿ ಗ್ರಹಿಸಲು ಕಷ್ಟಪಡುವವರು ಜಾಲತಾಣವನ್ನು ಇನ್ನೊಬ್ಬರ ಹಂಗಿಲ್ಲದೆ ಬಳಸಲು ಆಗುವುದೇ ಸುಗಮ್ಯತೆ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಬಳಸುತ್ತಾರೆ. ಪರದೆಯ ಮೇಲಿರುವ ಅಕ್ಷರವನ್ನು ಅದು ಓದಿ ಹೇಳುತ್ತದೆ. ಕಂಪ್ಯೂಟರಿನಲ್ಲಿ ಬಳಸುವ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ. ಆಂಡ್ರಾಯ್ಡ್ ಫೋನುಗಳಿಗೆ ಟಾಕ್‌ಬ್ಯಾಕ್ ಇದೆ. ಎರಡರಲ್ಲೂ ಕನ್ನಡ ಧ್ವನಿ ಬಳಸಬಹುದು. ಆದರೆ ಚಿತ್ರಕ್ಕೆ ವಿವರಣೆ ಬರೆದಿರಬೇಕು, ಅರ್ಜಿಯ ಪ್ರತಿ ಖಾನೆಗೂ ಹೆಸರಿರಬೇಕು, ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ಎಲ್ಲ ಕೆಲಸ ಆಗಬೇಕು. ಇಂಥ ಷರತ್ತುಗಳ ಪಟ್ಟಿಯೇ ಮಾನದಂಡ.

ಮಾನದಂಡ ಯಾವುದು

ಜಗತ್ತಿನ ಹೆಚ್ಚಿನ ದೇಶಗಳು ಒಪ್ಪಿರುವುದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಹೊರತಂದ ವೆಬ್ ಕಂಟೆಂಟ್ ಆಕ್ಸೆಸಿಬಿಲಿಟಿ ಗೈಡ್‌ಲೈನ್ಸ್. ಚಿಕ್ಕದಾಗಿ ಡಬ್ಲ್ಯುಸಿಎಜಿ ಎನ್ನುತ್ತಾರೆ. ಮೊದಲ ಆವೃತ್ತಿ 1999ರಲ್ಲಿ ಬಂತು. 2.0 ಆವೃತ್ತಿ 2008ರಲ್ಲಿ, 2.1 ಆವೃತ್ತಿ 2018ರಲ್ಲಿ, 2.2 ಆವೃತ್ತಿ 2023ರ ಅಕ್ಟೋಬರಿನಲ್ಲಿ ಬಂದವು. 2.2ರಲ್ಲಿ ಒಟ್ಟು 86 ಪರೀಕ್ಷಾ ಅಂಶಗಳಿವೆ. ಅವುಗಳನ್ನು ಎ, ಎಎ, ಎಎಎ ಎಂದು ಮೂರು ಹಂತಗಳಾಗಿ ವಿಂಗಡಿಸಿದ್ದಾರೆ. ಕಾನೂನುಗಳು ಸಾಮಾನ್ಯವಾಗಿ ಕೇಳುವುದು ಎಎ ಹಂತ. 2.2ರಲ್ಲಿ ಈ ಹಂತ ಮುಟ್ಟಲು ಎ ಮತ್ತು ಎಎ ಸೇರಿ 55 ಅಂಶಗಳಲ್ಲಿ ತೇರ್ಗಡೆಯಾಗಬೇಕು.

ಆದ್ದರಿಂದ "ಡಬ್ಲ್ಯುಸಿಎಜಿಗೆ ಅನುಗುಣ" ಎಂದಷ್ಟೇ ಬರೆದರೆ ಸಾಲದು. ಯಾವ ಆವೃತ್ತಿ, ಯಾವ ಹಂತ ಎಂದು ಹೇಳದಿದ್ದರೆ "ಪರೀಕ್ಷೆ ಪಾಸಾಗಿದ್ದಾನೆ" ಎಂದು ಹೇಳಿ ಯಾವ ತರಗತಿ ಎಂಬುದನ್ನು ಮುಚ್ಚಿಟ್ಟಂತೆ ಆಗುತ್ತದೆ.

ಮಾನದಂಡ ಬರೆದ ಕನ್ಸಾರ್ಷಿಯಂ ತಾನಾಗಿ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ ಎಂಬುದನ್ನೂ ಸದಸ್ಯರು ಗಮನಿಸಬೇಕು. ಅದರ ಲಾಂಛನವನ್ನು ತಾಣದ ಒಡೆಯರು ತಮ್ಮ ಜವಾಬ್ದಾರಿಯ ಮೇಲೆ ಹಾಕಿಕೊಳ್ಳುತ್ತಾರೆ. ಕನ್ಸಾರ್ಷಿಯಂ ಬಂದು ತಪಾಸಣೆ ಮಾಡುವುದಿಲ್ಲ.

ಅನುಗುಣತೆ ಸಾರುವವರು ಐದು ವಿವರ ಕೊಡಲೇಬೇಕೆಂದು ಡಬ್ಲ್ಯುಸಿಎಜಿ ಹೇಳುತ್ತದೆ: ಸಾರಿದ ದಿನಾಂಕ, ಮಾರ್ಗಸೂಚಿಯ ಹೆಸರು-ಆವೃತ್ತಿ-ವಿಳಾಸ, ಮುಟ್ಟಿದ ಹಂತ, ಯಾವ ಯಾವ ಪುಟಗಳಿಗೆ ಅನ್ವಯ, ಯಾವ ತಂತ್ರಜ್ಞಾನಗಳನ್ನು ನೆಚ್ಚಿಕೊಂಡಿದೆ. ಬರೀ ಲಾಂಛನ ಹಾಕಿದರೂ ಅದು ಸಾರಿದಂತೆಯೇ ಲೆಕ್ಕ, ಈ ಐದು ವಿವರ ಅದರ ಜೊತೆಗಿರಬೇಕು. ಆದರೆ ಈ ಐದರಲ್ಲಿ "ಹೇಳುತ್ತಿರುವವರು ಯಾರು" ಎಂಬ ಕಲಮೇ ಇಲ್ಲ. ತಾಣದ ಒಡೆಯರೇ ಹೇಳಿಕೊಂಡರೆ ಇದರಿಂದ ತೊಂದರೆ ಇಲ್ಲ. ಹೊರಗಿನವರಿಂದ ಪರೀಕ್ಷೆ ಮಾಡಿಸಿದಾಗ ಮಾತ್ರ ಆ ಹೆಸರನ್ನು ಬರೆದಿಡಲು ಬೇರೆ ವ್ಯವಸ್ಥೆ ಬೇಕಾಗುತ್ತದೆ.

ಪ್ರಮಾಣ ಹೇಳುವವರು ನಾಲ್ಕು ಬಗೆ

ಒಂದು, ಸ್ವಯಂ ಘೋಷಣೆ. ತಾಣದ ಒಡೆಯರೇ ಪರೀಕ್ಷಿಸಿ ತಾವೇ ಹೇಳುವುದು. ಹಿಂದೆ ಅಂಕಪಟ್ಟಿಯ ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿಗಾಗಿ ಓಡಾಡಬೇಕಿತ್ತು, ಈಗ ಹಲವು ಅರ್ಜಿಗಳಿಗೆ ಸ್ವಯಂ ದೃಢೀಕರಣವೇ ಸಾಕು. ಹಾಗೆಂದು ಅದು ಕಡಿಮೆ ದರ್ಜೆಯದಲ್ಲ. ಸಹಿ ಹಾಕಿದವರು ಯಾರೆಂದು ಗೊತ್ತಿದ್ದರೆ ಅದಕ್ಕೂ ತೂಕವಿದೆ.

ಎರಡು, ಮಾರಾಟಗಾರರ ವರದಿ. ತಂತ್ರಾಂಶ ಮಾರುವ ಕಂಪನಿಗಳು ವಿಪ್ಯಾಟ್ ಎಂಬ ಅಮೆರಿಕದ ನಮೂನೆಯನ್ನು ತುಂಬಿ ಕೊಡುತ್ತವೆ. ಪ್ರತಿ ಅಂಶದ ಎದುರು "ಬೆಂಬಲವಿದೆ", "ಭಾಗಶಃ ಬೆಂಬಲವಿದೆ", "ಬೆಂಬಲವಿಲ್ಲ" ಎಂದು ಬರೆಯುವ ಪಟ್ಟಿ ಅದು. ಚುನಾವಣೆಯಲ್ಲಿ ಮತಯಂತ್ರದ ಜೊತೆ ಇಡುವ ವಿವಿಪ್ಯಾಟ್ ಬೇರೆ, ಇದು ಬೇರೆ. ಈ ವರದಿಯೂ ಪ್ರಮಾಣಪತ್ರವಲ್ಲ, ಕಂಪನಿಯ ಹೇಳಿಕೆ ಮಾತ್ರ.

ಮೂರು, ಮೂರನೆಯವರ ಪ್ರಮಾಣಪತ್ರ. ತಾಣ ಕಟ್ಟಿದವರೂ ಅಲ್ಲದ, ಬಳಸುವವರೂ ಅಲ್ಲದ ಸಂಸ್ಥೆಯೊಂದು ಪರೀಕ್ಷಿಸಿ ಕೊಡುವುದು.

ನಾಲ್ಕು, ವ್ಯಕ್ತಿಗೆ ಸಿಕ್ಕ ಪ್ರಮಾಣ. ಇಂಟರ್‌ನ್ಯಾಷನಲ್ ಅಸೋಸಿಯೇಷನ್ ಆಫ್ ಆಕ್ಸೆಸಿಬಿಲಿಟಿ ಪ್ರೊಫೆಷನಲ್ಸ್ ಎಂಬ ಸಂಸ್ಥೆ ಪರೀಕ್ಷೆ ನಡೆಸಿ ಸುಗಮ್ಯತೆಯ ತಜ್ಞರಿಗೆ ಅರ್ಹತಾಪತ್ರ ಕೊಡುತ್ತದೆ. ಇಲ್ಲಿ ಗೊಂದಲವಾಗುವುದು ಹೆಚ್ಚು. ಅರ್ಹತೆ ಪಡೆದ ತಜ್ಞರು ಒಂದು ತಾಣದ ಕೆಲಸ ಮಾಡಿದರು ಎಂದಾಕ್ಷಣ ಆ ತಾಣಕ್ಕೆ ಪ್ರಮಾಣ ಸಿಕ್ಕಿತು ಎಂದಲ್ಲ. ಚಾಲಕನಿಗೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಬಸ್ಸಿಗೆ ಎಫ್‌ಸಿ ಆಗಿದೆ ಎನ್ನಲಾಗುವುದಿಲ್ಲ.

ಈ ನಾಲ್ಕರಲ್ಲಿ ಯಾವುದು ಎಂಬುದನ್ನು ದಾಖಲೆಯಲ್ಲಿ ಸ್ಪಷ್ಟವಾಗಿ ಬರೆಯುವುದೇ ಮೊದಲ ಕೆಲಸ.

ನಮ್ಮ ದೇಶದ ವ್ಯವಸ್ಥೆ

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016 ದೇಶದಾದ್ಯಂತ ಜಾರಿಯಲ್ಲಿದೆ. ಆದ್ದರಿಂದ ಕಾಸರಗೋಡಿನವರಿಗೂ ಅಕ್ಕಲಕೋಟೆಯವರಿಗೂ ಆದೋನಿಯವರಿಗೂ ಇದು ಒಂದೇ. ಇದರ 42ನೇ ಕಲಮು ವಿದ್ಯುನ್ಮಾನ ಮಾಧ್ಯಮದ ವಿಷಯ ಸುಗಮ್ಯ ರೂಪದಲ್ಲಿರಬೇಕು ಎನ್ನುತ್ತದೆ. 2017ರ ನಿಯಮಾವಳಿಯ 15ನೇ ನಿಯಮವು ಜಾಲತಾಣಗಳಿಗೆ ಸರ್ಕಾರಿ ಮಾರ್ಗಸೂಚಿಯನ್ನು ಅನ್ವಯಿಸಿತು. ತಾಣಕ್ಕೆ ಏರಿಸುವ ದಾಖಲೆಗಳು ಇ-ಪಬ್ ರೂಪದಲ್ಲಿ ಅಥವಾ ಅಕ್ಷರ ಗುರುತಿಸಬಲ್ಲ ಪಿಡಿಎಫ್ ರೂಪದಲ್ಲಿ ಇರಬೇಕು ಎಂದೂ ಹೇಳಿತು. ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ಬರೀ ಚಿತ್ರವಾಗಿ ಏರಿಸುವ ಅಭ್ಯಾಸ ಇದಕ್ಕೆ ವಿರುದ್ಧ.

ಆ ಸರ್ಕಾರಿ ಮಾರ್ಗಸೂಚಿಯ ಹೆಸರು ಗೈಡ್‌ಲೈನ್ಸ್ ಫಾರ್ ಇಂಡಿಯನ್ ಗವರ್ನಮೆಂಟ್ ವೆಬ್‌ಸೈಟ್ಸ್. ಮೊದಲು 2009ರಲ್ಲಿ ಬಂದು, 2023ರಲ್ಲಿ 3.0 ಆವೃತ್ತಿ ಕಂಡಿತು. ಈ ಆವೃತ್ತಿ ಡಬ್ಲ್ಯುಸಿಎಜಿ 2.1ರ ಎಎ ಹಂತವನ್ನು ಆಧಾರವಾಗಿಟ್ಟುಕೊಂಡಿದೆ. ಭಾರತೀಯ ಮಾನಕ ಬ್ಯೂರೋ ಐಎಸ್ 17802 ಎಂಬ ಮಾನದಂಡವನ್ನೂ ಎರಡು ಭಾಗಗಳಲ್ಲಿ ತಂದಿದೆ. 2021ರ ಮೊದಲ ಭಾಗ ಏನೇನಿರಬೇಕು ಎಂದು ಹೇಳಿದರೆ, 2022ರ ಎರಡನೇ ಭಾಗ ಅದು ಇದೆಯೋ ಇಲ್ಲವೋ ಎಂದು ನಿರ್ಧರಿಸುವ ಬಗೆಯನ್ನು ಹೇಳುತ್ತದೆ. ಇದು ಯುರೋಪಿನ ಇಎನ್ 301 549 ಎಂಬ ಮಾನದಂಡವನ್ನು ಆಧರಿಸಿದೆ.

ಸರ್ಕಾರಿ ತಾಣಗಳಿಗೆ ಪ್ರಮಾಣಪತ್ರ ಕೊಡುವುದು ಎಸ್‌ಟಿಕ್ಯುಸಿ ನಿರ್ದೇಶನಾಲಯ. ಇದು ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಅಡಿಯಲ್ಲಿದೆ. ಬೆಂಗಳೂರಿನಲ್ಲೂ ಇದರ ಪ್ರಯೋಗಾಲಯವಿದೆ. ಪರೀಕ್ಷೆಯಲ್ಲಿ ಗೆದ್ದ ತಾಣಕ್ಕೆ "ಸರ್ಟಿಫೈಡ್ ಕ್ವಾಲಿಟಿ ವೆಬ್‌ಸೈಟ್" ಎಂಬ ಗುರುತು ಸಿಗುತ್ತದೆ. ಇಲ್ಲಿ ಪ್ರಮಾಣ ಕೊಟ್ಟವರು ಯಾರೆಂಬುದು ನಿಚ್ಚಳ.

ನ್ಯಾಯಾಲಯಗಳೂ ಈ ವಿಷಯದಲ್ಲಿ ಬಿಗಿಯಾಗುತ್ತಿವೆ. ರಾಜೀವ್ ರಾತುರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರ್ 8ರಂದು 15ನೇ ನಿಯಮದ ಮೊದಲ ಉಪನಿಯಮವನ್ನು ಮೂಲ ಅಧಿನಿಯಮಕ್ಕೆ ವಿರುದ್ಧವೆಂದು ಹೇಳಿತು. ಅದು ಕಡ್ಡಾಯ ಮಾಡಬೇಕಾದುದನ್ನು ಬರೀ ಸಲಹೆಯ ಮಟ್ಟಕ್ಕೆ ಇಳಿಸಿತ್ತು ಎಂಬುದು ಕಾರಣ. ಕಡ್ಡಾಯ ಮಾನದಂಡ ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳು ಕೊಟ್ಟಿತು. ಮುಂದೆ 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ, ಬ್ಯಾಂಕು ಮೊದಲಾದ ಕಡೆ ಗುರುತು ಪರಿಶೀಲನೆಗೆ ಕ್ಯಾಮೆರಾ ಎದುರು ಕಣ್ಣು ಮಿಟುಕಿಸಿ ಎಂದು ಕೇಳುವ ಪದ್ಧತಿ ಪ್ರಶ್ನೆಗೆ ಬಂತು. ಡಿಜಿಟಲ್ ಸೇವೆಗಳು ಎಲ್ಲರಿಗೂ ದಕ್ಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ನ್ಯಾಯಾಲಯ ಹೇಳಿತು. ಅರ್ಹತೆ ಪಡೆದ ತಜ್ಞರಿಂದ ಕಾಲಕಾಲಕ್ಕೆ ಸುಗಮ್ಯತೆಯ ಲೆಕ್ಕಪರಿಶೋಧನೆ ಆಗಬೇಕು, ಪರೀಕ್ಷೆಯಲ್ಲಿ ದೃಷ್ಟಿಹೀನರೂ ಇರಬೇಕು ಎಂಬ ನಿರ್ದೇಶನವನ್ನೂ ಕೊಟ್ಟಿತು. ಪರೀಕ್ಷಿಸಿದವರು ಯಾರು ಎಂಬ ಪ್ರಶ್ನೆ ಹೀಗೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ.

ಹೊರದೇಶಗಳ ಪದ್ಧತಿ

ಯುರೋಪಿನ ಒಕ್ಕೂಟದಲ್ಲಿ 2016ರ ನಿರ್ದೇಶನದಂತೆ ಪ್ರತಿ ಸರ್ಕಾರಿ ತಾಣವೂ ಸುಗಮ್ಯತಾ ಹೇಳಿಕೆ ಪ್ರಕಟಿಸಬೇಕು. 2018ರಲ್ಲಿ ಅದಕ್ಕೊಂದು ಮಾದರಿ ನಮೂನೆ ಬಂತು. ತಾಣ ಪೂರ್ಣ ಅನುಗುಣವೋ, ಭಾಗಶಃವೋ, ಅನುಗುಣವೇ ಅಲ್ಲವೋ ಎಂದು ಮೊದಲು ಹೇಳಬೇಕು. ಆಮೇಲೆ ಹೇಳಿಕೆ ಸಿದ್ಧಪಡಿಸಿದ ದಿನ, ಪರೀಕ್ಷೆ ಸ್ವಂತದ್ದೋ ಮೂರನೆಯವರದೋ ಎಂಬುದು, ಯಾವ ಭಾಗ ಸುಗಮ್ಯವಲ್ಲ, ದೂರು ಯಾರಿಗೆ ಕೊಡಬೇಕು, ಅಲ್ಲಿ ಉತ್ತರ ಬರದಿದ್ದರೆ ಮುಂದೆ ಎಲ್ಲಿಗೆ ಹೋಗಬೇಕು ಎಲ್ಲವೂ ಇರಬೇಕು. ಪೂರ್ಣವಾಗಿಲ್ಲ ಎಂದು ಒಪ್ಪಿ ಬರೆಯಲು ಅಲ್ಲಿ ಜಾಗವಿದೆ. ನಮ್ಮಲ್ಲಿ "ಎಲ್ಲವೂ ಸರಿಯಿದೆ" ಎಂಬ ಒಂದೇ ಸಾಲಿನ ರೂಢಿ ಬಿದ್ದಿರುವುದರಿಂದ ಇದು ಕಲಿಯತಕ್ಕ ಅಂಶ.

ಅಮೆರಿಕದಿಂದ ಎಚ್ಚರಿಕೆಯ ಪಾಠವೊಂದಿದೆ. ಒಂದು ಸಾಲಿನ ಸಂಕೇತವನ್ನು ತಾಣಕ್ಕೆ ಸೇರಿಸಿದರೆ ಕೃತಕ ಬುದ್ಧಿಮತ್ತೆ ಯಾವ ತಾಣವನ್ನಾದರೂ ಡಬ್ಲ್ಯುಸಿಎಜಿಗೆ ಅನುಗುಣವಾಗಿಸುತ್ತದೆ ಎಂದು ಆಕ್ಸೆಸಿಬಿ ಎಂಬ ಕಂಪನಿ ಪ್ರಚಾರ ಮಾಡಿತ್ತು. ಇದು ದಾರಿತಪ್ಪಿಸುವ ಮಾತೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2025ರಲ್ಲಿ ಕಂಪನಿ 10 ಲಕ್ಷ ಡಾಲರ್ ತೆರಬೇಕಾಯಿತು. ಸ್ವತಂತ್ರ ಅಭಿಪ್ರಾಯದಂತೆ ಕಾಣುವ ವಿಮರ್ಶೆಗಳನ್ನು ಬರೆದವರಿಗೂ ಕಂಪನಿಗೂ ಇದ್ದ ನಂಟನ್ನು ಮರೆಮಾಚಲಾಗಿತ್ತು ಎಂಬುದೂ ಆರೋಪದಲ್ಲಿ ಸೇರಿತ್ತು. ಹೇಳಿದವರು ಯಾರು, ಅವರಿಗೆ ಹಣ ಕೊಟ್ಟವರು ಯಾರು ಎಂಬುದನ್ನು ಜೊತೆಜೊತೆಗೇ ನೋಡಬೇಕು ಎನ್ನುವುದು ಇದಕ್ಕೇ.

ಕನ್ಸಾರ್ಷಿಯಂ ಹೊರತಂದ ಪರೀಕ್ಷಾ ವಿಧಾನದ ಕೈಪಿಡಿಯೂ ಇದನ್ನೇ ಹೇಳುತ್ತದೆ. ವರದಿಯಲ್ಲಿ ಪರೀಕ್ಷಿಸಿದವರ ಹೆಸರು, ಪರೀಕ್ಷೆ ಮಾಡಿಸಿದವರ ಹೆಸರು, ದಿನಾಂಕ ಮೂರೂ ಇರಬೇಕು ಎಂಬುದು ಅದರ ಕ್ರಮ.

ಕಡತದೊಳಗೇ ಹೆಸರು ಬರೆಯುವ ಬಗೆ

ಈ ವಿಷಯದಲ್ಲಿ ಎಲ್ಲರಿಗಿಂತ ಮುಂದಿರುವುದು ಪುಸ್ತಕಲೋಕ. ಇ-ಪುಸ್ತಕಗಳ ಇ-ಪಬ್ ರೂಪಕ್ಕೆ ಇ-ಪಬ್ ಆಕ್ಸೆಸಿಬಿಲಿಟಿ ಎಂಬ ಮಾನದಂಡ 2017ರಲ್ಲಿ ಬಂತು, 1.1 ಆವೃತ್ತಿ 2023ರಲ್ಲಿ ಬಂತು. ಪುಸ್ತಕದ ಕಡತದೊಳಗೇ ಮಾಹಿತಿ ಬರೆಯುವ ಜಾಗವಿರುತ್ತದೆ. ಓದುಗರ ಕಣ್ಣಿಗೆ ಅದು ಬೀಳುವುದಿಲ್ಲ, ಆದರೆ ಅಂಗಡಿ ಮತ್ತು ಗ್ರಂಥಾಲಯದ ಯಂತ್ರ ಅದನ್ನು ಓದುತ್ತದೆ. ಅಲ್ಲಿ ಬರೆಯುವ ಮುಖ್ಯ ವಿವರಗಳು ಇವು:

- ಕನ್‌ಫಾರ್ಮ್ಸ್ ಟು: ಯಾವ ಮಾನದಂಡ, ಯಾವ ಆವೃತ್ತಿ, ಯಾವ ಹಂತ.
- ಸರ್ಟಿಫೈಡ್ ಬೈ: ಪ್ರಮಾಣೀಕರಿಸಿದವರ ಹೆಸರು. ಪ್ರಕಾಶಕರೇ ಆಗಿದ್ದರೆ ಪ್ರಕಾಶಕರ ಹೆಸರನ್ನೇ ಬರೆಯಬೇಕು.
- ಸರ್ಟಿಫೈಯರ್ ಕ್ರೆಡೆನ್ಷಿಯಲ್: ಹಾಗೆ ಪ್ರಮಾಣೀಕರಿಸಲು ಅವರಿಗಿರುವ ಅರ್ಹತೆ.
- ಸರ್ಟಿಫೈಯರ್ ರಿಪೋರ್ಟ್: ಪರೀಕ್ಷೆಯ ವರದಿ ಇರುವ ಜಾಲವಿಳಾಸ.
- ದಿನಾಂಕ: ಪರೀಕ್ಷೆ ನಡೆದದ್ದು ಯಾವಾಗ.

ಅನುಗುಣ ಎಂದು ಹೇಳಿಕೊಳ್ಳುವ ಪುಸ್ತಕ ಪ್ರಮಾಣೀಕರಿಸಿದವರ ಹೆಸರನ್ನು ಬಿಡುವಂತಿಲ್ಲ. ಅರ್ಹತೆ ಮತ್ತು ವರದಿ ಇದ್ದಾಗ ಕೊಟ್ಟರೆ ಸಾಕು. ಜಾಲಪುಟಗಳ ಮಾನದಂಡದಲ್ಲಿ ಕಾಣದ ಕಲಮು ಇಲ್ಲಿ ಕಡ್ಡಾಯವಾಗಿದೆ.

ಪುಸ್ತಕ ವ್ಯಾಪಾರದವರು ಬಳಸುವ ಓನಿಕ್ಸ್ ಎಂಬ ಮಾಹಿತಿ ವಿನ್ಯಾಸದ 196ನೇ ಪಟ್ಟಿಯಲ್ಲೂ ಪ್ರಮಾಣೀಕರಿಸಿದವರ ಹೆಸರಿಗೆ ಪ್ರತ್ಯೇಕ ಸಂಕೇತವಿದೆ. ಗ್ರಂಥಾಲಯದ ಮಾರ್ಕ್ 21 ಸೂಚಿಯಲ್ಲಿ 2018ರಲ್ಲಿ 341 ಮತ್ತು 532 ಎಂಬ ಕ್ಷೇತ್ರಗಳು ಸೇರಿದವು. 532ರಲ್ಲಿ ಸುಗಮ್ಯತೆಯ ಸೌಲಭ್ಯಗಳನ್ನು ಬರೆಯುವಂತೆಯೇ ಕೊರತೆಗಳನ್ನೂ ಬೇರೆಯಾಗಿ ಬರೆಯಬಹುದು. ಗ್ರಂಥಪಾಲಕರಾಗಿರುವ ನಮ್ಮ ಸದಸ್ಯರು ಇದನ್ನು ಬಳಕೆಗೆ ತರಬಹುದು.

ಜಾಲಪುಟಗಳ ಪರೀಕ್ಷಾ ಫಲಿತಾಂಶ ಬರೆಯಲು ಕನ್ಸಾರ್ಷಿಯಂ ರೂಪಿಸಿದ ಅರ್ಲ್ ಎಂಬ ಪದಕೋಶವಿದೆ. ಪ್ರತಿ ಫಲಿತಾಂಶವನ್ನೂ ಅದು "ಇಂಥವರು, ಇಂಥ ಪುಟವನ್ನು, ಇಂಥ ಅಂಶಕ್ಕಾಗಿ ನೋಡಿ, ಹೀಗೆ ಹೇಳಿದರು" ಎಂಬ ವಾಕ್ಯದಂತೆ ದಾಖಲಿಸುತ್ತದೆ. ಹೇಳಿದ್ದು ಮನುಷ್ಯರೋ ಯಂತ್ರವೋ ಎಂಬುದನ್ನೂ ಬರೆಯುತ್ತದೆ. ಫಲಿತಾಂಶದಲ್ಲಿ ತೇರ್ಗಡೆ, ನಪಾಸು, ಅನ್ವಯಿಸದು ಎಂಬವುಗಳ ಜೊತೆ "ಹೇಳಲಾಗದು", "ಪರೀಕ್ಷಿಸಿಲ್ಲ" ಎಂಬವೂ ಇವೆ. ನೋಡದೇ ಬಿಟ್ಟದ್ದನ್ನು ನೋಡಿಲ್ಲ ಎಂದು ಬರೆಯಲು ಒಂದು ಖಾನೆ ಇರುವುದು ದೊಡ್ಡ ಅನುಕೂಲ.

ಕನ್ನಡ ಪುಟಗಳಿಗೆ ಪ್ರಮಾಣ ಕೊಡುವವರಿಗೆ ಕನ್ನಡ ಬರಬೇಕು

ಗಡಿನಾಡಿನ ನಮಗೆ ಇದು ಎಲ್ಲಕ್ಕಿಂತ ಮುಖ್ಯ. ಯಂತ್ರದಿಂದ ಮಾಡುವ ತಪಾಸಣೆ ಕನ್ನಡದ ಮೂರು ತೊಂದರೆಗಳನ್ನು ಹಿಡಿಯಲಾರದು.

ಮೊದಲನೆಯದು ಹಳೆಯ ಫಾಂಟು. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳ ಹಳೆಯ ವಿನ್ಯಾಸದಲ್ಲಿ ಟೈಪು ಮಾಡಿದ ಸಾವಿರಾರು ಪುಟಗಳು ನಮ್ಮ ಸಂಘಗಳ ಬಳಿ ಇವೆ. ಕಣ್ಣಿಗೆ ಅಚ್ಚ ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಯಂತ್ರ "ಅಕ್ಷರವಿದೆ, ಬಣ್ಣ ಸರಿಯಿದೆ" ಎಂದು ತೇರ್ಗಡೆ ಮಾಡುತ್ತದೆ. ಸ್ಕ್ರೀನ್ ರೀಡರ್ ಮಾತ್ರ ಅರ್ಥವಿಲ್ಲದ ಸದ್ದು ಮಾಡುತ್ತದೆ.

ಎರಡನೆಯದು ಭಾಷೆಯ ಗುರುತು. ಪುಟ ಯಾವ ಭಾಷೆಯಲ್ಲಿದೆ ಎಂದು ಸಂಕೇತದಲ್ಲಿ ಬರೆದಿರಬೇಕು ಎಂಬುದು ಡಬ್ಲ್ಯುಸಿಎಜಿಯ 3.1.1ನೇ ಅಂಶ, ಎ ಹಂತದ್ದು. ಪುಟದ ನಡುವೆ ಬೇರೆ ಭಾಷೆ ಬಂದರೆ ಆ ಭಾಗಕ್ಕೂ ಗುರುತು ಬೇಕೆಂಬುದು 3.1.2ನೇ ಅಂಶ, ಎಎ ಹಂತದ್ದು. ಒಳನಾಡಿನ ತಾಣಗಳಲ್ಲಿ ಎರಡನೆಯದು ಅಪರೂಪಕ್ಕೆ ಬೇಕಾದೀತು. ನಮಗೆ ಅದು ನಿತ್ಯದ ಮಾತು. ಕಾಸರಗೋಡಿನ ಪುಟದಲ್ಲಿ ಕನ್ನಡದ ಜೊತೆ ಮಲಯಾಳ, ಹೊಸೂರಿನಲ್ಲಿ ತಮಿಳು, ಸೊಲ್ಲಾಪುರದಲ್ಲಿ ಮರಾಠಿ, ರಾಯದುರ್ಗ ಮಡಕಶಿರಾಗಳಲ್ಲಿ ತೆಲುಗು ಇದ್ದೇ ಇರುತ್ತದೆ. ಗುರುತಿಲ್ಲದಿದ್ದರೆ ಯಾವ ಧ್ವನಿಯಲ್ಲಿ ಓದಬೇಕೆಂದು ತಂತ್ರಾಂಶಕ್ಕೆ ತಿಳಿಯದು. ಗುರುತು ಇದೆಯೇ ಎಂದು ಯಂತ್ರ ಹೇಳಬಲ್ಲದು, ಸರಿಯಾದ ಭಾಷೆಯ ಗುರುತೇ ಎಂಬುದನ್ನು ಆ ಭಾಷೆ ಬಲ್ಲವರೇ ಹೇಳಬೇಕು.

ಮೂರನೆಯದು ಚಿತ್ರದ ವಿವರಣೆ. "ಚಿತ್ರ 1" ಎಂದು ಬರೆದಿದ್ದರೂ ಯಂತ್ರಕ್ಕೆ ಅದು ವಿವರಣೆಯೇ. ಆಮಂತ್ರಣ ಪತ್ರಿಕೆಯನ್ನು ಚಿತ್ರವಾಗಿ ಏರಿಸಿದರೆ ಅದರಲ್ಲಿರುವ ಸ್ಥಳ, ಸಮಯ, ಅತಿಥಿಗಳ ಹೆಸರು ಎಲ್ಲವೂ ಅಕ್ಷರವಾಗಿ ಪುಟದಲ್ಲಿ ಇದೆಯೇ ಎಂದು ಓದಿ ನೋಡುವವರು ಬೇಕು.

ಹೀಗಾಗಿ ದಾಖಲೆಯಲ್ಲಿ ಪರೀಕ್ಷಿಸಿದವರ ಹೆಸರಿನ ಜೊತೆಗೆ, ಅವರು ಯಾವ ಭಾಷೆಯ ಪುಟಗಳನ್ನು ನೋಡಿದರು ಎಂಬುದನ್ನೂ ಬರೆಯಬೇಕು. ಇಂಗ್ಲಿಷ್ ಪುಟಗಳನ್ನಷ್ಟೇ ನೋಡಿ ಕೊಟ್ಟ ಪ್ರಮಾಣವನ್ನು ಕನ್ನಡ ಪುಟಗಳಿಗೂ ಹಚ್ಚಿದರೆ ನಮ್ಮವರಿಗೆ ಪ್ರಯೋಜನವಿಲ್ಲ.

ಲಾಂಛನ ಕಂಡಾಗ ಕೇಳಬೇಕಾದ ಪ್ರಶ್ನೆಗಳು

1. ಹೇಳಿದವರು ಯಾರು? ವ್ಯಕ್ತಿಯೋ ಸಂಸ್ಥೆಯೋ? ತಾಣಕ್ಕೂ ಅವರಿಗೂ ಏನು ಸಂಬಂಧ?
2. ಯಾವ ಮಾನದಂಡ, ಆವೃತ್ತಿ, ಹಂತ?
3. ಪರೀಕ್ಷೆಯ ದಿನಾಂಕ ಯಾವುದು? ಆಮೇಲೆ ತಾಣದ ವಿನ್ಯಾಸ ಬದಲಾಗಿದೆಯೇ?
4. ಯಾವ ಪುಟಗಳಿಗೆ ಅನ್ವಯ? ಅರ್ಜಿ ತುಂಬುವ ಕೆಲಸಕ್ಕೆ ಐದು ಪುಟಗಳಿದ್ದರೆ ಐದೂ ಸರಿಯಿರಬೇಕು ಎಂಬುದು ಡಬ್ಲ್ಯುಸಿಎಜಿಯದೇ ಷರತ್ತು. ನಾಲ್ಕು ಸರಿಯಿದ್ದು ಒಂದು ಕೆಟ್ಟರೆ ಒಂದೂ ಲೆಕ್ಕಕ್ಕಿಲ್ಲ.
5. ವರದಿ ಓದಲು ಸಿಗುತ್ತದೆಯೇ?
6. ಲಾಂಛನ ಒತ್ತಿದರೆ ಪ್ರಮಾಣ ಕೊಟ್ಟವರ ಪುಟಕ್ಕೆ ಹೋಗುತ್ತದೆಯೇ, ಅಥವಾ ಬರೀ ಚಿತ್ರವೇ?
7. ತೊಂದರೆಯಾದರೆ ಯಾರಿಗೆ ತಿಳಿಸಬೇಕು?

ಶಾಖೆಗಳಿಗೆ ಮಾದರಿ ನಮೂನೆ

ನಮ್ಮ ಶಾಖೆಗಳ ಪುಟಗಳಿಗೆ ದುಡ್ಡು ಕೊಟ್ಟು ಪ್ರಮಾಣಪತ್ರ ಪಡೆಯುವುದು ಸದ್ಯಕ್ಕೆ ಆಗದ ಮಾತು. ಆದರೆ ಪ್ರಾಮಾಣಿಕವಾದ ಸ್ವಯಂ ಘೋಷಣೆಗೆ ಖರ್ಚಿಲ್ಲ. ಪ್ರತಿ ಪುಟಕ್ಕೂ ಒಂದರಂತೆ ಈ ನಮೂನೆ ತುಂಬಿ ತಾಣದಲ್ಲೇ ಪ್ರಕಟಿಸಬಹುದು. ತಿಳಿಯಲೆಂದು ಉದಾಹರಣೆಯಾಗಿ ತುಂಬಿ ಕೊಟ್ಟಿದೆ:

- ಪುಟ: ಸದಸ್ಯತ್ವ ಅರ್ಜಿ, ಮೊದಲ ಹಂತದಿಂದ ಸ್ವೀಕೃತಿಯವರೆಗೆ ಎಲ್ಲ ಪುಟಗಳು.
- ಭಾಷೆ: ಕನ್ನಡ ಮತ್ತು ಮಲಯಾಳ.
- ಆಧಾರ: ಡಬ್ಲ್ಯುಸಿಎಜಿ 2.2, ಎಎ ಹಂತ.
- ಪರೀಕ್ಷೆಯ ಬಗೆ: ಸ್ವಯಂ ಪರೀಕ್ಷೆ.
- ಪರೀಕ್ಷಿಸಿದವರು: ಶಾಖೆಯ ಜಾಲತಾಣ ನಿರ್ವಾಹಕರು, ಸ್ಕ್ರೀನ್ ರೀಡರ್ ಬಳಸುವ ಒಬ್ಬ ಸದಸ್ಯರ ಜೊತೆ.
- ಮಾಡಿಸಿದವರು: ಶಾಖೆಯ ಕಾರ್ಯಕಾರಿ ಸಮಿತಿ.
- ದಿನಾಂಕ: ದಿನ, ತಿಂಗಳು, ವರ್ಷ.
- ಬಳಸಿದ ಸಾಧನ: ಎನ್‌ವಿಡಿಎ, ಟಾಕ್‌ಬ್ಯಾಕ್, ಬರೀ ಕೀಲಿಮಣೆ.
- ಫಲಿತಾಂಶ: ಭಾಗಶಃ ಅನುಗುಣ. ಖಾನೆಗಳ ಹೆಸರು ಸರಿಯಿದೆ. ಫೋಟೋ ಏರಿಸುವ ಗುಂಡಿಗೆ ಹೆಸರಿಲ್ಲ.
- ಪರೀಕ್ಷಿಸದೇ ಉಳಿದದ್ದು: ಹಳೆಯ ಸ್ಮರಣ ಸಂಚಿಕೆಗಳ ಪಿಡಿಎಫ್.
- ಬದಲಿ ವ್ಯವಸ್ಥೆ: ಫೋನಿನಲ್ಲಿ ವಿವರ ಹೇಳಿದರೆ ಅರ್ಜಿಯನ್ನು ಶಾಖೆಯವರೇ ತುಂಬುತ್ತಾರೆ.
- ತೊಂದರೆ ತಿಳಿಸಬೇಕಾದವರು: ಶಾಖಾ ಕಾರ್ಯದರ್ಶಿ.
- ಮುಂದಿನ ಪರೀಕ್ಷೆ: ಒಂದು ವರ್ಷದೊಳಗೆ, ಅಥವಾ ವಿನ್ಯಾಸ ಬದಲಾದ ಕೂಡಲೇ.

ನಮೂನೆ ತುಂಬುವಾಗ ಎರಡು ಸೂಚನೆ. 55 ಅಂಶಗಳನ್ನೂ ನೋಡದೆ "ಪೂರ್ಣ ಅನುಗುಣ" ಎಂದು ಬರೆಯಬಾರದು. ನೋಡಿದಷ್ಟಕ್ಕೆ ಮಾತ್ರ ಸಹಿ ಹಾಕಬೇಕು. ಹಾಗೆಯೇ ಪರೀಕ್ಷೆಗೆ ನೆರವಾದ ಸದಸ್ಯರ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸಬಾರದು. ಒಪ್ಪಿದರೆ ಹೆಸರು ಹಾಕಿ, ಕೃತಜ್ಞತೆಯನ್ನೂ ಹೇಳಿ. ಅವರ ಬಳಿ ಇರುವುದು ನಮ್ಮಲ್ಲಿ ಬೇರೆ ಯಾರಿಗೂ ಇಲ್ಲದ ಅನುಭವ. ಅದನ್ನು ಪುಕ್ಕಟೆಯ ಕೆಲಸ ಎಂದು ತಿಳಿಯದೆ ಶಾಖೆಯ ಖರ್ಚಿನಲ್ಲಿ ಗೌರವಧನ ಕೊಡುವುದು ಒಳ್ಳೆಯದು.

ಹಳೆಯ ನಮೂನೆಗಳನ್ನು ಅಳಿಸಬೇಡಿ. ಹೊಸ ಪರೀಕ್ಷೆಯಾದಾಗ ಹೊಸದನ್ನು ಮೇಲೆ ಸೇರಿಸಿ, ಹಳೆಯದನ್ನು ದಿನಾಂಕದೊಡನೆ ಕೆಳಗೆ ಉಳಿಸಿ. ಪದಾಧಿಕಾರಿಗಳು ಬದಲಾಗುತ್ತಾರೆ. ಯಾವ ತೊಂದರೆ ಯಾವಾಗ ಗೊತ್ತಾಯಿತು, ಯಾರು ಸರಿಪಡಿಸಿದರು ಎಂಬುದು ಮುಂದೆ ಬರುವವರಿಗೆ ಹೀಗೆ ಸಿಗುತ್ತದೆ.

ಶಾಖಾ ಕಾರ್ಯದರ್ಶಿಗಳು ಮೊದಲು ಸದಸ್ಯತ್ವದ ಅರ್ಜಿ ಮತ್ತು ಕಾರ್ಯಕ್ರಮಗಳ ಪುಟ, ಇವೆರಡಕ್ಕೆ ಈ ನಮೂನೆ ತುಂಬಿ ಮುಂದಿನ ಕಾರ್ಯಕಾರಿ ಸಭೆಗೆ ಮುಂಚೆ ಕೇಂದ್ರ ಕಚೇರಿಗೆ ಕಳುಹಿಸಬೇಕಾಗಿ ವಿನಂತಿ. ಸ್ಕ್ರೀನ್ ರೀಡರ್ ಬಳಸುವ ಸದಸ್ಯರು ತಮ್ಮ ಊರಿನ ಶಾಖೆಗೆ ತಿಳಿಸಿದರೆ ಪರೀಕ್ಷೆಗೆ ಅವರನ್ನು ಕರೆಯಲಾಗುವುದು. ಯಾವುದಾದರೂ ಸರ್ಕಾರಿ ಅಥವಾ ಬ್ಯಾಂಕಿನ ತಾಣದಲ್ಲಿ ಕನ್ನಡ ಪುಟ ಓದಲು ಆಗದಿದ್ದರೆ ಪುಟದ ವಿಳಾಸ, ದಿನಾಂಕ, ಬಳಸಿದ ಸಾಧನ, ಎಲ್ಲಿ ನಿಂತಿತು ಎಂಬ ನಾಲ್ಕು ವಿವರ ಬರೆದು ಕಳುಹಿಸಿ. ಸಂಘದ ಪತ್ರದ ಮೂಲಕ ಸಂಬಂಧಪಟ್ಟವರಿಗೆ ಬರೆಯೋಣ. ಅಲ್ಲಿ ಪ್ರಮಾಣ ಕೊಟ್ಟವರ ಹೆಸರಿದ್ದರೆ ಅವರಿಗೂ ಒಂದು ಪ್ರತಿ ಹೋಗಲಿ.

— ಕಾರ್ಯದರ್ಶಿ